ಮೂರೂವರೆ ಗಂಟೆ ಅಂದುಬಿಟ್ಟೆ

17 ಜನವರಿ 2025, ಶುಕ್ರವಾರ ರಾತ್ರಿ

ಅಮ್ಮನ ಫೋನು. ಮಂಡಿನೋವು, ಬದಲಾದ ಮಾತ್ರೆ, ಅಣ್ಣನ ಮಗಳ ಪರೀಕ್ಷೆ, ಎಲ್ಲ ಆಯ್ತು. ಇಡೋ ಹೊತ್ತಿಗೆ ಕೇಳಿದಳು: "ಏನಾದ್ರೂ ಆದ್ರೆ ನೀನು ಬಂದು ಸೇರೋಕೆ ಎಷ್ಟು ಹೊತ್ತು ಬೇಕೋ?"

ಲ್ಯಾಪ್‌ಟಾಪ್ ಎದುರಿಗೇ ಇತ್ತು. ವಿಮಾನದ ದೂರ, ಸಮಯ ಲೆಕ್ಕ ಹಾಕೋ ವೆಬ್‌ಸೈಟ್‌ನಲ್ಲಿ ಎರಡೂ ಕಡೆಯ ವಿಮಾನ ನಿಲ್ದಾಣಗಳ ಹೆಸರು ಹಾಕಿದೆ. 2,640 ಕಿ.ಮೀ., 3 ಗಂಟೆ 36 ನಿಮಿಷ ಅಂತ ಬಂತು. "ಮೂರೂವರೆ ಗಂಟೆ ಅಮ್ಮ" ಅಂದೆ.

"ಅಷ್ಟೇನಾ!" ಅಂದಳು. ಆ ದನಿಯಲ್ಲಿದ್ದ ನೆಮ್ಮದಿ ಕೇಳಿ ಮುಂದೆ ಮಾತಾಡೋಕೆ ಆಗಲಿಲ್ಲ.

ಆ ಲೆಕ್ಕ ಹೇಗೆ ಬರುತ್ತೆ ಅಂತ ನನಗೆ ಗೊತ್ತು. ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ಭೂಮಿಯ ಗುಂಡು ಮೈಮೇಲೆ ಅತಿ ಹತ್ತಿರದ ದಾರಿ ಅಳೀತಾರೆ. ಅದನ್ನ ಜೆಟ್ ವಿಮಾನದ ವೇಗ, ಗಂಟೆಗೆ ಸುಮಾರು 850 ಕಿ.ಮೀ.ನಿಂದ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ದಾರಿಯಲ್ಲಿ ಹಾರೋ ವಿಮಾನವೇ ಇಲ್ಲ.

ಎರಡೂ ಸಣ್ಣ ನಿಲ್ದಾಣ. ಇಲ್ಲಿಂದ ಹೊರಡೋದು ಎಟಿಆರ್, ರೆಕ್ಕೆಗೆ ಪ್ರೊಪೆಲ್ಲರ್ ಇರೋದು, ಗಂಟೆಗೆ 500 ಕಿ.ಮೀ. ಆಸುಪಾಸು. ದೊಡ್ಡ ನಿಲ್ದಾಣಕ್ಕೆ ಹೋಗಿ ಕಾಯಬೇಕು. ಅಲ್ಲಿಂದ ಜೆಟ್. ಮತ್ತೆ ಕಾಯಬೇಕು. ಮತ್ತೊಂದು ಎಟಿಆರ್. ಕೂಡಿಸಿದರೆ ಹನ್ನೊಂದು ಗಂಟೆ, ಅದರಲ್ಲಿ ಆಕಾಶದಲ್ಲಿರೋದು ಐದು. ಮೂರನ್ನೂ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್‌ನಲ್ಲಿ ತಗೊಂಡರೆ ಒಂದು ತಡವಾದರೂ ಮುಂದಿನದಕ್ಕೆ ಏರ್‌ಲೈನ್‌ನವರೇ ಕೂರಿಸ್ತಾರೆ. ಬಿಡಿ ಟಿಕೆಟ್ ಆದರೆ ತಪ್ಪಿದ್ದು ತಪ್ಪಿದಂತೆ. ಅವಸರದಲ್ಲಿ ಇದನ್ನೆಲ್ಲ ನೋಡೋ ತಾಳ್ಮೆ ಯಾರಿಗಿರುತ್ತೆ?

ಗಾಳಿಯದ್ದೊಂದು ಬೇರೆ. ಅಮ್ಮ ಇರೋದು ಪಶ್ಚಿಮಕ್ಕೆ. ಚಳಿಗಾಲದಲ್ಲಿ ಜೆಟ್ ಸ್ಟ್ರೀಮ್, ಅಂದರೆ ವಿಮಾನ ಹಾರೋ ಎತ್ತರದ ಜೋರು ಗಾಳಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ ಒಂದು ಇಂಥದ್ದೇ ಗಾಳಿಯ ಬೆನ್ನೇರಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಐದು ಗಂಟೆಯೊಳಗೆ, 4 ಗಂಟೆ 56 ನಿಮಿಷಕ್ಕೆ ತಲುಪಿತ್ತು. ಗಂಟೆಗೆ 100 ಕಿ.ಮೀ. ಗಾಳಿ ಅಂದುಕೊಂಡರೂ ನಮ್ಮ 2,640 ಕಿ.ಮೀ.ಗೆ ಹೋಗೋದಕ್ಕೂ ಬರೋದಕ್ಕೂ ಮುಕ್ಕಾಲು ಗಂಟೆ ವ್ಯತ್ಯಾಸ. ಅಮ್ಮನ ಕಡೆಗೆ ಹೋಗುವಾಗಲೇ ಎದುರುಗಾಳಿ. ವಾಪಸ್ ಬರುವಾಗ ಬೇಗ.

ಊಟ ಸೇರಲಿಲ್ಲ.

ಗಾಳಿ, ಕಾಯೋದು ಎರಡನ್ನೂ ಸಹಿಸಬಹುದು. ಇಲ್ಲಿಂದ ಹೊರಡೋದು ದಿನಕ್ಕೆ ಒಂದೇ ವಿಮಾನ, ಬೆಳಿಗ್ಗೆ 6.45ಕ್ಕೆ. ರಾತ್ರಿ ಎಂಟಕ್ಕೆ ಸುದ್ದಿ ಬಂದರೆ? ಬೆಳಗಿನವರೆಗೆ ಬ್ಯಾಗ್ ಪಕ್ಕದಲ್ಲಿ ಕೂತಿರಬೇಕು. ಅಮ್ಮನ ಊರಲ್ಲಿ ಇಳಿಯೋದು ಮಾರನೇ ದಿನ ಸಂಜೆ ಆರಕ್ಕೆ. ಇಪ್ಪತ್ತೆರಡು ಗಂಟೆ.

ಮೂರೂವರೆ ಅಂತ ನಂಬಿಕೊಂಡು ಮಲಗಿದಾಳೆ ಈಗ. ಅಣ್ಣನಿಗೂ ಹೇಳಿರ್ತಾಳೆ. ನಾಳೆ ಬೆಳಿಗ್ಗೆ ಫೋನ್ ಮಾಡಿ ಸರಿಯಾದದ್ದು ಹೇಳಬೇಕು. ಹೇಳಿದರೆ "ಅಯ್ಯೋ, ಇರ್ಲಿ ಬಿಡೋ" ಅಂತಾಳೆ, ಅಷ್ಟೇ. ಆಮೇಲೆ ನಿಜವಾಗಿ ಏನಾದರೂ ಆದಾಗ, ಅಷ್ಟು ದೂರದಿಂದ ಅವನನ್ನ ಯಾಕೆ ಕರೆಸೋದು ಅಂತ ಫೋನೇ ಮಾಡದೆ