ಯಾರೂ ಬರೆದಿಲ್ಲ ಅಂತ ತಾನೇ ನಾನು ಬರೆದಿದ್ದು?

ಸೋಮವಾರ ರಾತ್ರಿಯಿಂದ ಈ ಸಾಲು ತಲೆಯಿಂದ ಇಳಿಯುತ್ತಿಲ್ಲ. ಬರೆದವರು ಯಾರು ಅಂತ ನನಗೆ ಗೊತ್ತಿಲ್ಲ. ಬಳಕೆದಾರ ಹೆಸರು ಎರಡಕ್ಷರ, ಪಕ್ಕದಲ್ಲಿ ನಾಲ್ಕು ಅಂಕಿ. ಖಾತೆ ತೆರೆದು ಮೂರು ದಿನ ಆಗಿತ್ತು.

ಆನ್‌ಲೈನ್ ವಿಶ್ವಕೋಶವೊಂದರಲ್ಲಿ ಒಂಬತ್ತು ವರ್ಷದಿಂದ ಕೈಯಾಡಿಸುತ್ತಿದ್ದೇನೆ. ಮಲಗುವ ಮುಂಚೆ ಹೊಸ ಪುಟಗಳ ಪಟ್ಟಿ ತೆರೆದು ಕೂರುವುದು ನನ್ನ ಚಟ. ಅಲ್ಲಿ ಬರುವುದರಲ್ಲಿ ಕಸವೇ ಜಾಸ್ತಿ. ತನ್ನ ಬಗ್ಗೆ ತಾನೇ ಬರೆದುಕೊಂಡ 'ಯುವ ಉದ್ಯಮಿ', ಒಂದು ಹಾಡನ್ನೂ ಬಿಡುಗಡೆ ಮಾಡದ 'ಖ್ಯಾತ ಗಾಯಕ', ನಿನ್ನೆ ಶುರುವಾದ ಕಂಪನಿಯ ಇತಿಹಾಸ. ಇಂಥವನ್ನು ಗುಡಿಸಿ ಗುಡಿಸಿ ಕೈ ಪೊರಕೆ ಹಿಡಿದ ಭಂಗಿಯಲ್ಲೇ ಸೆಟೆದುಕೊಂಡಿದೆ. ಅವತ್ತು ಅವುಗಳ ನಡುವೆ ಒಬ್ಬ ಮಹಿಳೆಯ ಬಗ್ಗೆ ಪುಟ ಇತ್ತು. ಅವರು ನಲವತ್ತು ವರ್ಷ ಮನೆಯಲ್ಲಿ ಕೂತು ಪುಸ್ತಕಗಳನ್ನು ಕೈಯಿಂದಲೇ ಬ್ರೈಲ್‌ಗೆ ಇಳಿಸಿದವರು. ನಾಲ್ಕು ಪ್ಯಾರಾ ಬರಹ, ಉಲ್ಲೇಖ ಸೊನ್ನೆ.

ಹುಡುಕಿದೆ. ಎರಡು ನಿಮಿಷ ಹುಡುಕಿರಬಹುದು, ಸುಳ್ಳು ಯಾಕೆ ಹೇಳಲಿ. ಏನೂ ಸಿಗಲಿಲ್ಲ. ಅಳಿಸುವ ಚರ್ಚೆಗೆ ಹಾಕಿದೆ. ಅದಕ್ಕೊಂದು ಟೂಲ್ ಇದೆ. ಗುಂಡಿ ಒತ್ತಿದರೆ ಸಾಕು, ಪುಟದ ತಲೆ ಮೇಲೆ ಕೆಂಪು ಪಟ್ಟಿ ಕೂರುತ್ತದೆ, ಬರೆದವರಿಗೆ ಸಿದ್ಧ ಸಂದೇಶ ತಾನಾಗಿ ಹೋಗುತ್ತದೆ. ಕಾರಣ ಬರೆಯುವ ಜಾಗದಲ್ಲಿ "ಗಮನಾರ್ಹತೆ ಇಲ್ಲ. ಸ್ವತಂತ್ರ ಮೂಲಗಳಿಲ್ಲ" ಅಂತ ಕುಟ್ಟಿ ಮುಂದಿನ ಪುಟಕ್ಕೆ ಹೋದೆ.

ಅರ್ಧ ಗಂಟೆಯಲ್ಲಿ ಉತ್ತರ ಬಂತು. "ಸರ್, ಇವರ ಬಗ್ಗೆ ಯಾರೂ ಎಲ್ಲೂ ಬರೆದಿಲ್ಲ ಅಂತೀರಿ. ಯಾರೂ ಬರೆದಿಲ್ಲ ಅಂತ ತಾನೇ ನಾನು ಬರೆದಿದ್ದು?"

ಓದಿ ನಕ್ಕೆ ಮೊದಲು. ಹೊಸಬರೆಲ್ಲ ಹೀಗೇ ಅಂತ. ಆಮೇಲೆ ಮತ್ತೆ ಓದಿದೆ. ನಗು ಬರಲಿಲ್ಲ.

ಯಾಕೆಂದರೆ ಅವರು ತಮಗೇ ಗೊತ್ತಿಲ್ಲದೆ ನಮ್ಮ ನಿಯಮವನ್ನು ತಲೆಕೆಳಗು ಮಾಡಿ ನನ್ನ ಮುಂದೆ ಇಟ್ಟಿದ್ದರು. ನಿಯಮ ಹೇಳುವುದು ಇಷ್ಟು: ವಿಷಯಕ್ಕೆ ನಂಟಿಲ್ಲದ, ನಂಬಬಹುದಾದ ಮೂಲಗಳಲ್ಲಿ ಅದರ ಬಗ್ಗೆ ವಿವರವಾಗಿ ಬಂದಿರಬೇಕು. ಪಟ್ಟಿಯಲ್ಲಿ ಹೆಸರು ಇದ್ದರೆ ಸಾಲದು. ಅಂದರೆ ಬೇರೆ ಯಾರೋ ಬರೆದಿದ್ದರೆ ನಾವು ಬರೆಯಬಹುದು. ಯಾರೂ ಬರೆಯದಿದ್ದರೆ ನಾವೂ ಬರೆಯುವ ಹಾಗಿಲ್ಲ. ಮಾಡಿದ ಕೆಲಸ ದೊಡ್ಡದೋ ಚಿಕ್ಕದೋ ಅನ್ನುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ಆದರೆ ನಾವು ಇಟ್ಟುಕೊಂಡ ಪದ ನೋಡಿ, 'ಗಮನಾರ್ಹತೆ'. ಗಮನಕ್ಕೆ ಅರ್ಹ. ನಾವು ಅಳೆಯುವುದು ಯಾರಾದರೂ ಗಮನಿಸಿದರಾ ಅಂತ. ಹೇಳುವುದು ಅರ್ಹತೆ ಇಲ್ಲ ಅಂತ. ಒಂಬತ್ತು ವರ್ಷದಲ್ಲಿ ಎಷ್ಟು ಜನರ ಅಜ್ಜಿ, ಮೇಷ್ಟರು, ಗುರುಗಳ ಪುಟಕ್ಕೆ ನಾನು ಈ ಪದ ಅಂಟಿಸಿಲ್ಲ!

ಚರ್ಚೆಗೆ ಬಂದವರ ಬಗ್ಗೆಯೂ ಹೇಳಿಬಿಡುತ್ತೇನೆ. ಮೊದಲು ಬಂದವರಿಗೆ ನಾನು ಮನಸ್ಸಿನಲ್ಲೇ 'ಕತ್ತರಿ ಮಾಸ್ತರು' ಅಂತ ಹೆಸರಿಟ್ಟಿದ್ದೇನೆ. "ಅಳಿಸಿ. ನಾಮಿನೇಟ್ ಮಾಡಿದವರ ಮಾತು ಸರಿ." ಅಷ್ಟೇ. ಪುಟ ಓದಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಅವರು ಯಾವುದನ್ನೂ ಓದುವುದಿಲ್ಲ, ಆದರೂ ಮುಕ್ಕಾಲು ಪಾಲು ಸಲ ಅವರ ಮಾತು ಸರಿಯಾಗಿಯೇ ಇರುತ್ತದೆ, ಅದೇ ಸಿಟ್ಟು ಬರಿಸುವುದು. ಎರಡನೆಯವರು ಎಲ್ಲವನ್ನೂ ಉಳಿಸುವ ಪಂಥ. "ಉಳಿಸಿ. ಇಂಥವರು ಸಮಾಜಕ್ಕೆ ಬೇಕು." ಪಾಪ ಒಳ್ಳೆಯ ಮನುಷ್ಯ, ಆದರೆ ಇದರಿಂದ ಏನೂ ಉಪಯೋಗವಿಲ್ಲ. ಅಲ್ಲಿ ಕೈ ಎತ್ತಿ ಎಣಿಸುವುದಿಲ್ಲ, ಏಳು ದಿನ ವಾದ ನೋಡಿ ನಿರ್ವಾಹಕರೊಬ್ಬರು ತೀರ್ಮಾನ ಮಾಡುತ್ತಾರೆ. ಒಳ್ಳೆಯವರು ಅನ್ನುವುದು ವಾದದ ಲೆಕ್ಕಕ್ಕೆ ಬರುವುದಿಲ್ಲ.

ನನಗೆ ನೆನಪಾಗಿದ್ದು ಡೋನಾ ಸ್ಟ್ರಿಕ್‌ಲ್ಯಾಂಡ್. ಕೆನಡಾದ ಭೌತವಿಜ್ಞಾನಿ. ಇಂಗ್ಲಿಷ್ ವಿಕಿಪೀಡಿಯಕ್ಕೆ ಯಾರೋ ಅವರ ಬಗ್ಗೆ ಕರಡು ಬರೆದು ಕಳಿಸಿದ್ದರು. 2018ರ ಮೇ ತಿಂಗಳಲ್ಲಿ ಅದು ವಾಪಸ್ ಬಂತು, ಕೊಟ್ಟ ಉಲ್ಲೇಖಗಳು ಸಾಲದು ಅಂತ. ಅದೇ ವರ್ಷ ಅಕ್ಟೋಬರ್ 2ಕ್ಕೆ ಅವರಿಗೆ ನೊಬೆಲ್ ಬಂತು. ಭೌತವಿಜ್ಞಾನದಲ್ಲಿ ಮೇರಿ ಕ್ಯೂರಿ, ಮರಿಯಾ ಗೆಪರ್ಟ್ ಮೇಯರ್ ನಂತರ ಮೂರನೆಯ ಮಹಿಳೆ. ಅವತ್ತೇ ಪುಟ ಎದ್ದು ನಿಂತಿತು. ಲೇಸರ್ ಕುರಿತ ಆ ಕೆಲಸ ಮಾಡಿದ್ದು 1985ರಲ್ಲಿ. ಮೇ ತಿಂಗಳಿಗೂ ಅಕ್ಟೋಬರಿಗೂ ನಡುವೆ ಅವರ ಕೆಲಸ ಒಂದು ಕೂದಲಿನಷ್ಟೂ ಬದಲಾಗಿರಲಿಲ್ಲ. ಆಗ ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್ನಿನ ಮುಖ್ಯಸ್ಥೆಯಾಗಿದ್ದ ಕ್ಯಾಥರಿನ್ ಮಾಹೆರ್, ಜಗತ್ತಿನ ತಾರತಮ್ಯ ವಿಕಿಪೀಡಿಯದಲ್ಲಿ ಕಾಣುತ್ತದೆ, ಅದನ್ನು ಹುಟ್ಟಿಸಿದ್ದು ವಿಕಿಪೀಡಿಯ ಅಲ್ಲ ಎಂಬ ಅರ್ಥದಲ್ಲಿ ಬರೆದರು. ಮಾತು ನಿಜವೇ. ಆದರೆ ನಾವು ಬರೀ ಕನ್ನಡಿ ಅಂದುಬಿಟ್ಟರೆ ನಮ್ಮ ಕೆಲಸ ಸುಲಭ, ಅಲ್ವಾ?

ಇನ್ನೊಂದು ಕಡೆ ನೋಡಿ. ಜೀರುಂಡೆಗೆ ಈ ಕಷ್ಟ ಇಲ್ಲ. ವಿಜ್ಞಾನಿಗಳು ಹೆಸರಿಟ್ಟು ಒಪ್ಪಿಕೊಂಡ ಜೀವಿಜಾತಿ ಅಂದರೆ ಪುಟ ಸಾಮಾನ್ಯವಾಗಿ ಉಳಿಯುತ್ತದೆ. ಜೀರುಂಡೆಗಳಲ್ಲೇ ಹೆಸರಿಟ್ಟ ಜಾತಿಗಳು ಸುಮಾರು 4 ಲಕ್ಷ. ಸರ್ಕಾರದ ದಾಖಲೆಯಲ್ಲಿ ಊರು ಅಂತ ಇದ್ದರೆ, ಅಲ್ಲಿ ಹತ್ತೇ ಜನ ಇದ್ದರೂ ಪುಟಕ್ಕೆ ತಕರಾರು ಕಡಿಮೆ. ಸ್ವೀಡನ್ನಿನ ಸ್ವೆರ್ಕರ್ ಯೊಹಾನ್ಸನ್ ಅನ್ನುವವರು ಬರೆದ ಬಾಟ್ ಒಂದು, ಅಂದರೆ ತಾನಾಗಿ ಪುಟ ಬರೆಯುವ ಪ್ರೋಗ್ರಾಂ, ಇಂಥ ಜೀವಿಗಳು, ಊರುಗಳ ಪುಟಗಳನ್ನು ಲಕ್ಷಗಟ್ಟಲೆ ಹುಟ್ಟಿಸಿತು. ಅದರಿಂದಾಗಿ ಫಿಲಿಪ್ಪೀನ್ಸಿನ ಸೆಬುವಾನೊ ಭಾಷೆಯ ವಿಕಿಪೀಡಿಯ, ಲೇಖನಗಳ ಸಂಖ್ಯೆಯಲ್ಲಿ ಇಂಗ್ಲಿಷಿನ ಬೆನ್ನಿಗೇ ಬಂದು ನಿಂತಿತು. ಸೋಮವಾರ ನಾನು ಆ ಪುಟವನ್ನು ಅಳಿಸಲು ಹಾಕಿ ಹೋಗಿದ್ದು ಎಲ್ಲಿಗೆ ಗೊತ್ತಾ? ಒಂದು ಜೀರುಂಡೆಯ ಪುಟದಲ್ಲಿ ಅಲ್ಪವಿರಾಮ ಸರಿಮಾಡಲು.

ದುಡ್ಡು ಕೊಟ್ಟು ಹತ್ತು ಕಡೆ ಸುದ್ದಿ ಹಾಕಿಸಿಕೊಂಡವರು ಬಂದಾಗ ಇನ್ನೂ ಕಷ್ಟ. ಸುದ್ದಿ ಕಾಸಿಗೆ ಬಂದದ್ದು ಅಂತ ಮೂಗಿಗೆ ವಾಸನೆ ಬಡಿಯುತ್ತದೆ, ಆದರೆ ಅದನ್ನು ತೋರಿಸಿಕೊಡಲು ವಾರಗಟ್ಟಲೆ ಜಗಳ ಆಡಬೇಕು. ಈ ಹೆಂಗಸಿನ ಪುಟಕ್ಕೆ ಎರಡು ನಿಮಿಷ ಸಾಕಾಯಿತು.

ಇಷ್ಟೆಲ್ಲ ಹೇಳಿ, ನಿಯಮ ಬೇಡ ಅನ್ನುತ್ತೀಯಾ ಅಂತ ಕೇಳಿದರೆ ಇಲ್ಲ. 2007ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ 'ಬಿಚೋಲಿಮ್ ಸಂಘರ್ಷ' ಅಂತ ಒಂದು ಪುಟ ಹುಟ್ಟಿತು. ಹದಿನೇಳನೆಯ ಶತಮಾನದಲ್ಲಿ ಪೋರ್ಚುಗೀಸರಿಗೂ ಮರಾಠರಿಗೂ ನಡೆದ ಯುದ್ಧವಂತೆ. ಉದ್ದವಾದ ಬರಹ, ಅಡಿಟಿಪ್ಪಣಿ, ಪುಸ್ತಕಗಳ ಪಟ್ಟಿ. ಅದಕ್ಕೆ 'ಉತ್ತಮ ಲೇಖನ' ಅನ್ನುವ ಬಿರುದೂ ಸಿಕ್ಕಿತು. ಐದು ವರ್ಷ ಕಳೆದ ಮೇಲೆ ಗೊತ್ತಾಯಿತು, ಅಂಥ ಯುದ್ಧವೇ ನಡೆದಿರಲಿಲ್ಲ, ಮೂಲಗಳೂ ಕಟ್ಟುಕತೆ. 2005ರಲ್ಲಿ ಜಾನ್ ಸೀಗೆಂಥಾಲರ್ ಎಂಬ ಅಮೆರಿಕದ ಪತ್ರಕರ್ತರ ಪುಟದಲ್ಲಿ ಯಾರೋ ಕೆನಡಿ ಹತ್ಯೆಯ ಶಂಕಿತ ಅಂತ ಗೀಚಿದ್ದು ನಾಲ್ಕು ತಿಂಗಳು ಹಾಗೇ ಇತ್ತು. ಹೊರಗಿನ ಸಾಕ್ಷಿ ಕೇಳಬೇಡಿ ಅಂತ ನಾನು ಹೇಗೆ ಹೇಳಲಿ? ಆ ನಾಲ್ಕು ಪ್ಯಾರಾ ನಿಜ ಅಂತ ನನ್ನ ಕರುಳು ಹೇಳುತ್ತದೆ. ಕರುಳನ್ನು ಉಲ್ಲೇಖದಲ್ಲಿ ಹಾಕಲು ಬರುವುದಿಲ್ಲ.

ಇದನ್ನೇ ಮಂಗಳವಾರ ಆ ಪುಟ ಬರೆದವರಿಗೆ ಬರೆದೆ, ಸ್ವಲ್ಪ ಮೆತ್ತಗೆ. ಯಾವುದಾದರೂ ಪತ್ರಿಕೆ ಮೊದಲು ಆ ಮಹಿಳೆಯ ಬಗ್ಗೆ ಬರೆಯಲಿ, ಆಮೇಲೆ ನಾನೇ ಜೊತೆಗೆ ನಿಂತು ಪುಟ ಮಾಡಿಸುತ್ತೇನೆ ಅಂದೆ. "ಪತ್ರಿಕೆಯವರಿಗೆ ಎಲ್ಲಿಂದ ಗೊತ್ತಾಗಬೇಕು ಸರ್? ಅವರೂ ನಿಮ್ಮಲ್ಲೇ ಹುಡುಕ್ತಾರಲ್ಲ" ಅಂದರು. ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದರು: "ನಿಮ್ಮ ಮೊದಲ ಮೆಸೇಜ್ ಪೂರ್ತಿ ಅರ್ಥ ಆಗಲಿಲ್ಲ. ನನಗೆ ಕಣ್ಣು ಕಾಣುವುದಿಲ್ಲ, ಫೋನ್ ಓದಿ ಹೇಳುತ್ತದೆ. ಅದು ಏನೇನೋ ಅಕ್ಷರ ಓದಿತು."

ಆಗ ಹೊಳೆಯಿತು. ಅವರು ಆ ಮಹಿಳೆಯ ಪುಸ್ತಕಗಳನ್ನು ಬೆರಳಿನಿಂದ ಓದಿದವರು.

ಅವತ್ತು ರಾತ್ರಿ ನನ್ನ ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ, ನಾನು ಕಳಿಸಿದ ಸಂದೇಶ ಕೇಳಿದೆ. ಮೊದಲು "ಚಿತ್ರ, ಎಚ್ಚರಿಕೆ" ಅಂತು. ಆಮೇಲೆ ಪುಟದ ಹೆಸರು. ಆಮೇಲೆ "ಲಿಂಕ್", ಒಂದು ಸಂಕ್ಷೇಪಾಕ್ಷರ, ಮತ್ತೆ "ಲಿಂಕ್", ಇನ್ನೊಂದು ಸಂಕ್ಷೇಪಾಕ್ಷರ. ನಿಯಮಗಳ ಅಡ್ಡಹೆಸರನ್ನೆಲ್ಲ ಒಂದೊಂದೇ ಅಕ್ಷರವಾಗಿ ಓದುತ್ತಾ ಹೋಯಿತು. ನಡುವೆ ನಾನು ಬರೆದ ಎರಡು ವಾಕ್ಯ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಗಮನಾರ್ಹತೆ ಇಲ್ಲ. ಸ್ವತಂತ್ರ ಮೂಲಗಳಿಲ್ಲ. ಯಂತ್ರದ ದನಿಗೆ ಸಿಟ್ಟೂ ಇಲ್ಲ, ಕರುಣೆಯೂ ಇಲ್ಲ. ಮೂರು ಸಲ ಕೇಳಿದೆ.

ಸ್ಲೇಟು ಅನ್ನುವ ಕಿಂಡಿಗಳ ಚೌಕಟ್ಟು ಮತ್ತು ಸ್ಟೈಲಸ್ ಅನ್ನುವ ಚುಚ್ಚುಮೊನೆಯಿಂದ ಬ್ರೈಲ್ ಬರೆಯುವುದು ಹೇಗೆ ಅಂತ ಆಮೇಲೆ ಓದಿದೆ. ಮೊನೆಯಿಂದ ಬಲದಿಂದ ಎಡಕ್ಕೆ ಚುಚ್ಚಿಕೊಂಡು ಹೋಗಬೇಕು, ಪ್ರತಿ ಅಕ್ಷರವನ್ನೂ ತಿರುಗುಮುರುಗಾಗಿ. ಹಾಳೆ ಮಗುಚಿದಾಗ ಚುಕ್ಕೆಗಳು ಉಬ್ಬಿ ನಿಂತು ಎಡದಿಂದ ಬಲಕ್ಕೆ ಓದಲು ಬರುತ್ತವೆ. ಒಂದು ಕೋಶದಲ್ಲಿ ಆರು ಚುಕ್ಕೆಯ ಜಾಗ. ಸಾಧಾರಣ ಗಾತ್ರದ ಪುಸ್ತಕ ಬ್ರೈಲ್‌ನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ. ನಲವತ್ತು ವರ್ಷ ಇದನ್ನು ಮಾಡಿದರೆ ಕೈ ಏನಾಗಿರಬೇಕು!

ಬುಧವಾರ ಮತ್ತೆ ಬರೆದೆ. ಈ ಸಲ ಲಿಂಕು, ಅಡ್ಡಹೆಸರು ಏನೂ ಇಲ್ಲದೆ. ಆ ಮಹಿಳೆ ಇಳಿಸಿದ ಪುಸ್ತಕ ಒಂದಾದರೂ ಯಾವುದಾದರೂ ಗ್ರಂಥಾಲಯದಲ್ಲಿ ಅವರ ಹೆಸರಿನ ಸಮೇತ ದಾಖಲಾಗಿದೆಯಾ ಅಂತ ಕೇಳಿದೆ. ಅದೊಂದರಿಂದ ಪುಟ ಉಳಿಯುವುದಿಲ್ಲ, ಆದರೆ ಹಿಡಿದುಕೊಳ್ಳಲು ಒಂದು ದಾರ ಸಿಗಬಹುದು ಅಂತ.

ಉತ್ತರ ನಿನ್ನೆ ಬಂತು. "ಪುಸ್ತಕಗಳು ಇವೆ ಸರ್. ಮೇಲೆ ಮೂಲ ಲೇಖಕರ ಹೆಸರು ಮಾತ್ರ. ಇವರ ಹೆಸರು ಯಾವುದರಲ್ಲೂ ಇಲ್ಲ. ಆದರೆ ಪ್ರತಿ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಸಾಲು ಚುಚ್ಚಿರ್ತಿದ್ರು. ತಪ್ಪಿದ್ದರೆ ಹೇಳಿ, ತಿದ್ದಿಕೊಡುತ್ತೇನೆ ಅಂತ."

ಚರ್ಚೆ ಮುಗಿಯಲು ಇನ್ನು ಮೂರು ದಿನ ಇದೆ. ಗಮನಾರ್ಹತೆ ಇಲ್ಲ ಅನ್ನುವ ವಾಕ್ಯವನ್ನು ಹೊಡೆದು ಹಾಕಿದ್ದೇನೆ. ಮೂಲಗಳು ಸಿಕ್ಕಿಲ್ಲ ಅನ್ನುವುದನ್ನು ಹಾಗೇ ಬಿಟ್ಟಿದ್ದೇನೆ. ಕತ್ತರಿ ಮಾಸ್ತರು ಕೆಳಗೆ ಪ್ರಶ್ನಾರ್ಥಕ ಚಿಹ್ನೆ ಒಂದನ್ನು ಹಾಕಿ ಹೋಗಿದ್ದಾರೆ.