ಮಾಜಿ ಸೈನಿಕರಿರುವ ಹಳೆಯ ಕಟ್ಟಡದ ದುರಸ್ತಿ

ಲಂಡನ್ನಿನ ಚೆಲ್ಸಿಯಲ್ಲಿರುವ ರಾಯಲ್ ಹಾಸ್ಪಿಟಲ್ ಹೆಸರಿಗೆ ಆಸ್ಪತ್ರೆಯಾದರೂ ವಾಸ್ತವದಲ್ಲಿ ನಿವೃತ್ತ ಸೈನಿಕರ ವಸತಿಗೃಹ. ದೊರೆ ಎರಡನೆಯ ಚಾರ್ಲ್ಸ್ 1682ರಲ್ಲಿ ಸ್ಥಾಪಿಸಿದ, ಕ್ರಿಸ್ಟೋಫರ್ ರೆನ್ ವಿನ್ಯಾಸ ಮಾಡಿದ ಈ ಇಟ್ಟಿಗೆ ಕಟ್ಟಡಕ್ಕೆ 1692ರಲ್ಲಿ ಮೊದಲ ಸೈನಿಕರು ಬಂದರು. ಇಂದಿಗೂ ಸುಮಾರು 300 ಮಂದಿ ಅಲ್ಲಿ ವಾಸವಾಗಿದ್ದಾರೆ. ಕುಂಬಳೆ ಸೀಮೆಯ ನಮ್ಮ ಹಳೆಯ ಮನೆಯ ರಿಪೇರಿಗೆ ಕೈಹಾಕಿದ ಮೇಲೆ ಆ ಕಟ್ಟಡದ ಕುರಿತು ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಸೇನೆಯಿಂದ ನಿವೃತ್ತರಾಗಿ ಬಂದ ನನ್ನ ಅಪ್ಪ ಈ ಮನೆ ಬಿಟ್ಟು ಬೇರೆಲ್ಲಿಯೂ ಇರಲು ಒಪ್ಪುವವರಲ್ಲ.

ಚೆಲ್ಸಿಯ ಉದ್ದನೆಯ ಪಡಸಾಲೆಗಳಲ್ಲಿ ಓಕ್ ಹಲಗೆಯ ಮರೆ ಕಟ್ಟಿದ ಕೋಣೆಗಳು ಮೊದಲಿಗೆ 6 ಅಡಿ ಉದ್ದ, 6 ಅಡಿ ಅಗಲವಷ್ಟೇ ಇದ್ದವು. ಇಪ್ಪತ್ತನೆಯ ಶತಮಾನದಲ್ಲಿ ಅವು 9 ಅಡಿಗೆ ಹಿಗ್ಗಿದರೂ ಸ್ನಾನ, ಶೌಚಗಳಿಗೆ ಎಲ್ಲರೂ ಹಂಚಿಕೊಳ್ಳುವ ವ್ಯವಸ್ಥೆಯೇ ಮುಂದುವರಿಯಿತು. ಈ ಶತಮಾನದ ನವೀಕರಣದಲ್ಲಿ, ಸಂರಕ್ಷಿತ ಕಟ್ಟಡದ ಹೊರರೂಪವನ್ನೂ ಓಕ್ ಹಲಗೆಯ ಸೊಗಸನ್ನೂ ಉಳಿಸಿಕೊಂಡು, ಪ್ರತಿಯೊಬ್ಬರಿಗೂ ಓದುವ ಜಾಗ ಮತ್ತು ಸ್ವಂತ ಸ್ನಾನಗೃಹ ಒದಗಿಸಲಾಯಿತು. ಅಲ್ಲಿನ ಹಳೆಯ ಮೆಟ್ಟಿಲುಗಳೂ ಎತ್ತರ ಕಡಿಮೆಯವು, ವಯಸ್ಸಾದವರ ಕಾಲಿಗೆ ಹೊಂದುವಂಥವು. ನೋಡಲು ಬರುವವರಿಗಿಂತ ಒಳಗೆ ಇರುವವರನ್ನು ಮುಂದಿಟ್ಟುಕೊಂಡ ದುರಸ್ತಿ ಇದು ಎಂಬುದೇ ನನಗೆ ಹಿಡಿಸಿದ ಸಂಗತಿ.

ನಮ್ಮದು ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು. ಹಿಂದೊಮ್ಮೆ ಗಟ್ಟಿಯಾಗಲೆಂದು ಬಳಿಸಿದ ಸಿಮೆಂಟು ಗಾರೆಯನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು; ಕಿತ್ತಾಗ ಹಿಂದಿನ ಕಲ್ಲು ಕೆಂಪು ಹುಡಿಯಾಗಿ ಉದುರಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ ಕಲ್ಲು ಹೀರಿಕೊಂಡ ತೇವ ಹೊರಗೆ ಹೋಗಲೇಬೇಕು. ಸುಣ್ಣದ ಗಾರೆ ಅದಕ್ಕೆ ದಾರಿ ಬಿಡುತ್ತದೆ, ಸಿಮೆಂಟು ತಡೆಯುತ್ತದೆ. ಸುಣ್ಣದ ಕೆಲಸ ನಿಧಾನ ಎಂದು ಮೇಸ್ತ್ರಿ ಗೊಣಗಿದರೂ ಕೊನೆಗೆ ಒಪ್ಪಿದರು. ಹೊರಗಿದ್ದ ಬಚ್ಚಲಿನ ಬದಲು ಅಪ್ಪನ ಕೋಣೆಗೆ ತಾಗಿಯೇ ಸ್ನಾನಗೃಹ ಕಟ್ಟಿಸಿದ್ದೇವೆ, ಹಿಡಿದುಕೊಳ್ಳಲು ಉಕ್ಕಿನ ಸರಳುಗಳೂ ಇವೆ. ಸರಳು ಬೇಡ ಎಂದು ಅವರು ಹಟ ಹಿಡಿದರು. ಈಗ ನಾವು ಇಲ್ಲದಾಗ ಮಾತ್ರ ಅದನ್ನು ಹಿಡಿಯುತ್ತಾರಂತೆ.

ತೊಡಕಾದದ್ದು ಹೆಬ್ಬಾಗಿಲಿನ ಎತ್ತರದ ಹೊಸ್ತಿಲು. ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲನ್ನು ಕೊಯ್ಯಲು ಅಮ್ಮ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಆಚಾರಿಯಿಂದ ಎರಡೂ ಬದಿಗೆ ತೆಗೆದಿಡಬಹುದಾದ ಹಲಸಿನ ಹಲಗೆಯ ಇಳಿಜಾರು ಮಾಡಿಸಿದೆವು. ಮಳೆಗಾಲಕ್ಕೆ ಮುಂಚೆ, ಕಾಲು ಜಾರದಂತೆ ಅದಕ್ಕೆ ಅಡ್ಡಪಟ್ಟಿ ಹೊಡೆಸುವುದೊಂದು ಬಾಕಿಯಿದೆ.