ವಿಟಮಿನ್ ಡಿ ಮಾತ್ರೆ ಯಾರಿಗೆ ಬೇಕು?

ನನ್ನ ಬಂಧುಬಳಗದಲ್ಲಿ ಈಗ ಯಾರು ರಕ್ತಪರೀಕ್ಷೆ ಮಾಡಿಸಿಕೊಂಡರೂ ವಿಟಮಿನ್ ಡಿ ಕಡಿಮೆಯಿದೆ ಎಂಬ ಮಾತು ಕೇಳಿಬರುತ್ತದೆ. ಅದರ ಬೆನ್ನಿಗೇ ವಾರಕ್ಕೊಂದರಂತೆ ಸೇವಿಸಬೇಕಾದ 60,000 ಯೂನಿಟ್‌ಗಳ ಮಾತ್ರೆಯೋ ಪುಡಿಯ ಪೊಟ್ಟಣವೋ ಮನೆಗೆ ಬರುತ್ತದೆ. ವೈದ್ಯರು ಎಂಟು ವಾರಕ್ಕೆಂದು ಬರೆದುಕೊಟ್ಟದ್ದನ್ನು ಹೃದಯಕ್ಕೂ ಒಳ್ಳೆಯದು, ಸಕ್ಕರೆ ಕಾಯಿಲೆಯನ್ನೂ ತಡೆಯುತ್ತದೆ ಎಂಬ ನಂಬಿಕೆಯಿಂದ ವರ್ಷಗಟ್ಟಲೆ ಮುಂದುವರಿಸುವವರನ್ನು ಕಂಡಾಗ ನನಗೆ ಕಳವಳವಾಗುತ್ತದೆ. ಕೊರತೆಯಿರುವವರಿಗೆ ಇದು ಅಗತ್ಯವಾದ ಔಷಧ. ಕೊರತೆಯಿಲ್ಲದವರಿಗೆ ಇದರಿಂದ ಆಗುವ ಲಾಭ ಬಹಳ ಸೀಮಿತವಾದದ್ದು.

ಬಿಸಿಲಿನಲ್ಲಿರುವ ಅತಿನೇರಳೆ ಬಿ ಕಿರಣಗಳು ಚರ್ಮದ ಮೇಲೆ ಬಿದ್ದಾಗ ಅಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಅದು ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಮತ್ತೊಮ್ಮೆ ಮಾರ್ಪಟ್ಟು ಹಾರ್ಮೋನಿನಂತೆ ಕೆಲಸ ಮಾಡುತ್ತ, ಆಹಾರದಲ್ಲಿರುವ ಕ್ಯಾಲ್ಸಿಯಂ ಮತ್ತು ರಂಜಕವನ್ನು ಕರುಳು ಹೀರಿಕೊಳ್ಳಲು ನೆರವಾಗುತ್ತದೆ. ದಿನವೂ ರಾಗಿಮುದ್ದೆ ಉಂಡರೂ ಮೈಯಲ್ಲಿ ವಿಟಮಿನ್ ಡಿ ಸಾಲದಿದ್ದರೆ ಆ ಕ್ಯಾಲ್ಸಿಯಂ ಪೂರ್ತಿಯಾಗಿ ದಕ್ಕುವುದಿಲ್ಲ. ಕೊರತೆ ತೀವ್ರವಾದಾಗ ಮಕ್ಕಳ ಕಾಲಿನ ಮೂಳೆ ಬಾಗುವ ರಿಕೆಟ್ಸ್ ಬರುತ್ತದೆ, ದೊಡ್ಡವರಲ್ಲಿ ಮೂಳೆ ಮೆತ್ತಗಾಗಿ ಸೊಂಟ ಮತ್ತು ತೊಡೆಗಳಲ್ಲಿ ನೋವು, ನಿಶ್ಶಕ್ತಿ ಕಾಣಿಸಿಕೊಳ್ಳುತ್ತವೆ. ಎದೆಹಾಲಿನಲ್ಲಿ ವಿಟಮಿನ್ ಡಿ ಬಹಳ ಕಡಿಮೆ ಇರುವುದರಿಂದ ಹಸುಗೂಸುಗಳಿಗೆ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿಮದ್ದು ಕೊಡಬೇಕೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಈ ಸಲಹೆಯನ್ನು ಯಾವ ತಾಯ್ತಂದೆಯರೂ ಕಡೆಗಣಿಸಬಾರದು.

ಇಷ್ಟು ಬಿಸಿಲಿರುವ ನಾಡಿನಲ್ಲಿ ಕೊರತೆ ಏಕೆ ಎಂದರೆ, ಈ ಕಿರಣಗಳು ಹೆಚ್ಚಾಗಿ ಸಿಗುವ ನಡುಹಗಲನ್ನು ನಗರವಾಸಿಗಳು ಕಚೇರಿಯೊಳಗೆ ಕಳೆಯುತ್ತಾರೆ, ಕಿಟಕಿಯ ಗಾಜು ಅವನ್ನು ಬಹುಮಟ್ಟಿಗೆ ತಡೆಯುತ್ತದೆ, ನಮ್ಮ ಕಪ್ಪು ಮೈಬಣ್ಣಕ್ಕೆ ಹೆಚ್ಚು ಹೊತ್ತಿನ ಬಿಸಿಲು ಬೇಕಾಗುತ್ತದೆ. ಕರಾವಳಿಯವರಿಗೆ ಬಂಗುಡೆ, ಬೂತಾಯಿ ಮೀನುಗಳಿಂದ ಸ್ವಲ್ಪ ಸಿಗುತ್ತದೆ. ಸಸ್ಯಾಹಾರಿಗಳ ಊಟದಲ್ಲಿ ಅದೂ ಇಲ್ಲ.

ಇನ್ನು ಉಳಿದ ಕಾಯಿಲೆಗಳ ಮಾತು. ವಿಟಮಿನ್ ಡಿ ಕಡಿಮೆಯಿರುವವರಲ್ಲಿ ಹೃದ್ರೋಗ, ಕ್ಯಾನ್ಸರ್, ಮಧುಮೇಹ ಹೆಚ್ಚು ಎಂಬುದನ್ನು ಅನೇಕ ಸಮೀಕ್ಷೆಗಳು ಗುರುತಿಸಿದ್ದವು. ಆದರೆ ಸ್ಥೂಲಕಾಯರಲ್ಲಿ, ಕಾಯಿಲೆಯಿಂದ ಮನೆ ಬಿಟ್ಟು ಹೊರಡಲಾರದವರಲ್ಲಿ ಅದು ಹೇಗೂ ಕಡಿಮೆಯಿರುತ್ತದೆಯಾದ್ದರಿಂದ, ಯಾವುದು ಕಾರಣ, ಯಾವುದು ಪರಿಣಾಮ ಎಂದು ಸಮೀಕ್ಷೆಗಳಿಂದ ಹೇಳುವಂತಿರಲಿಲ್ಲ. ಅದನ್ನು ಒರೆಗೆ ಹಚ್ಚಿದ್ದು ಅಮೆರಿಕದ ‘ವೈಟಲ್’ ಎಂಬ ಪ್ರಯೋಗ. 25,871 ಮಂದಿಯನ್ನು ಸೇರಿಸಿಕೊಂಡು, ಅವರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 2,000 ಯೂನಿಟ್, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು, ಐದು ವರ್ಷಕ್ಕೂ ಮೀರಿ ಗಮನಿಸಲಾಯಿತು. 2018ರಲ್ಲಿ ಫಲಿತಾಂಶ ಹೊರಬಂದಾಗ ಹೃದಯಾಘಾತ, ಪಾರ್ಶ್ವವಾಯುಗಳಾಗಲಿ ಹೊಸದಾಗಿ ಕ್ಯಾನ್ಸರ್ ಬರುವುದಾಗಲಿ ಕಡಿಮೆಯಾಗಿರಲಿಲ್ಲ. 2022ರಲ್ಲಿ ಅದೇ ಪ್ರಯೋಗದ ಮುಂದಿನ ವಿಶ್ಲೇಷಣೆ ಮೂಳೆಮುರಿತವೂ ತಗ್ಗಲಿಲ್ಲವೆಂದು ತಿಳಿಸಿತು. ಇದನ್ನು ಓದಿ ಮಾತ್ರೆಯೇ ವ್ಯರ್ಥ ಎಂದುಕೊಳ್ಳುವುದು ತಪ್ಪು, ಏಕೆಂದರೆ ಅದರಲ್ಲಿ ಭಾಗವಹಿಸಿದ್ದ ಬಹುಪಾಲು ಜನರಿಗೆ ಕೊರತೆಯೇ ಇರಲಿಲ್ಲ. ಅಲ್ಲದೆ ದೇಹದ ರೋಗನಿರೋಧಕ ಶಕ್ತಿ ತನ್ನ ಮೈಮೇಲೆಯೇ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆಗಳು ಮಾತ್ರೆ ಪಡೆದವರಲ್ಲಿ ಶೇ. 22ರಷ್ಟು ಕಡಿಮೆ ಕಂಡುಬಂದವು. ಇದು ನನಗೆ ನಿಜಕ್ಕೂ ಭರವಸೆಯ ಸುದ್ದಿ.

ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂಬ ಎಣಿಕೆಯಂತೂ ಅಪಾಯಕರ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5,00,000 ಯೂನಿಟ್ ಕೊಟ್ಟು ನೋಡಿದಾಗ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾದವು ಎಂದು 2010ರಲ್ಲಿ ವರದಿಯಾಯಿತು. ಈ ಜೀವಸತ್ವ ಕೊಬ್ಬಿನಲ್ಲಿ ಕರಗುವಂಥದ್ದು, ಮೈಯಲ್ಲಿ ಶೇಖರವಾಗುತ್ತದೆ. ವಾರಕ್ಕೊಂದು ಎಂದು ಹೇಳಿದ ಮಾತ್ರೆಯನ್ನು ದಿನವೂ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ಅತಿಯಾದ ಬಾಯಾರಿಕೆ ಶುರುವಾಗಿ ಕಡೆಗೆ ಮೂತ್ರಪಿಂಡಕ್ಕೇ ಹಾನಿಯಾಗಬಹುದು. ಮನೆಯ ಹಿರಿಯರಿಗೆ ಈ ಮಾತ್ರೆ ಬಂದಾಗ, ಯಾವ ವಾರ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ಪರೀಕ್ಷೆಯ ವರದಿಯನ್ನೂ ಎಚ್ಚರದಿಂದ ಓದಬೇಕು. ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 30 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಸಾಲದು ಎಂದು ಹಲವು ಪ್ರಯೋಗಾಲಯಗಳು ನಮೂದಿಸುತ್ತವೆ, ಆದರೆ ಬಹುತೇಕ ಜನರ ಮೂಳೆಗೆ 20 ಸಾಕು ಎಂಬುದು ಅಮೆರಿಕದ ವೈದ್ಯಕೀಯ ಸಲಹಾ ಸಂಸ್ಥೆಯಾದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ ನಿಲುವಾಗಿತ್ತು. 30ರ ಗಡಿಯನ್ನು 2011ರಲ್ಲಿ ಎತ್ತಿಹಿಡಿದಿದ್ದ ಅಲ್ಲಿನ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯೇ 2024ರಲ್ಲಿ ಅದನ್ನು ಕೈಬಿಟ್ಟಿತು. ಆರೋಗ್ಯವಂತರಿಗೆ ವಾಡಿಕೆಯ ಪರೀಕ್ಷೆ ಬೇಡವೆಂದೂ, ಮಕ್ಕಳು, ಗರ್ಭಿಣಿಯರು, 75 ದಾಟಿದವರು ಹಾಗೂ ಮಧುಮೇಹದ ಅಂಚಿನಲ್ಲಿರುವವರಿಗೆ ಹೆಚ್ಚುವರಿ ಪ್ರಮಾಣದಿಂದ ಲಾಭವಿರಬಹುದೆಂದೂ ಹೇಳಿತು. ಭಾರತೀಯರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಸೂಚಿಸಿರುವುದು ದಿನಕ್ಕೆ 600 ಯೂನಿಟ್. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರ ಪರಿಸ್ಥಿತಿ ಬೇರೆ: ಅಲ್ಲಿನ ಚಳಿಗಾಲದ ಬಿಸಿಲಿನಲ್ಲಿ ಬೇಕಾದ ಕಿರಣಗಳು ಸಾಕಷ್ಟು ಇಲ್ಲದಿರುವುದರಿಂದ ಎಲ್ಲರೂ ಶರತ್ಕಾಲ ಮತ್ತು ಚಳಿಗಾಲದಲ್ಲಿ ದಿನಕ್ಕೆ 400 ಯೂನಿಟ್ ಸೇವಿಸುವುದನ್ನು ಪರಿಗಣಿಸಬೇಕೆಂದೂ, ದಕ್ಷಿಣ ಏಷ್ಯಾ ಮೂಲದವರು ವರ್ಷವಿಡೀ ಹಾಗೆ ಮಾಡುವುದು ಒಳ್ಳೆಯದೆಂದೂ ಅಲ್ಲಿನ ಆರೋಗ್ಯ ಇಲಾಖೆ ಸಲಹೆ ನೀಡುತ್ತದೆ.